ಸರ್ವೆಯವರ ಮೊಟ್ಟೆ ತಿಂಡಿ

ಸರ್ಕಾರ ಎಂಬುದಕ್ಕೆ ಕೈಯಿಲ್ಲ, ಕಾಲಿಲ್ಲ, ಮುಖವಿಲ್ಲ, ಅದೊಂದು ನಿರಾಕಾರ ವಸ್ತು ಎಂದು ನಮ್ಮ ಮಲಯಾಳ ಶಾಲೆಯ ಮಾಷ್ಟರು ಹೇಳಿಕೊಟ್ಟಿದ್ದರು. ಅದಕ್ಕೆ ಹೊಟ್ಟೆ ಇದೆಯೋ ಇಲ್ಲವೋ ಎಂಬುದನ್ನು ಅವರು ಹೇಳಲಿಲ್ಲ. ಇದೆ. ನಾನು ಅದಕ್ಕೆ ಆರು ವರ್ಷ ಬಡಿಸಿದ್ದೇನೆ, ಆದ್ದರಿಂದ ಅಧಿಕಾರಯುತವಾಗಿ ಹೇಳಬಲ್ಲೆ.

ನಮ್ಮ ತಾತ ಗುಂಡ್ಲುಪೇಟೆ ಕಡೆಯಿಂದ ಹುರುಳಿ, ಒಣಮೆಣಸಿನಕಾಯಿ ಹೇರಿಕೊಂಡು ಘಟ್ಟದ ಈ ಕಡೆಗೆ ವ್ಯಾಪಾರಕ್ಕೆ ಬರುತ್ತಿದ್ದವರು. ಒಂದು ಸಲ ಎತ್ತಿಗೆ ಕಾಲುನೋವು ಬಂದು ವಯನಾಡಿನ ಕಲ್ಲೂರಿನಲ್ಲಿ ನಿಂತರು. ಎತ್ತಿಗೆ ವಾಸಿಯಾಯಿತು, ತಾತ ಮಾತ್ರ ಹೊರಡಲಿಲ್ಲ. ಹೀಗಾಗಿ ನಾವು ಮನೆಯಲ್ಲಿ ಕನ್ನಡ, ಬೀದಿಯಲ್ಲಿ ಮಲಯಾಳ, ಕಾಡಿನವರ ಜೊತೆ ಅವರ ಕನ್ನಡ ಎಂದು ಮೂರು ನಾಲಿಗೆ ಇಟ್ಟುಕೊಂಡು ಬೆಳೆದೆವು. ಕಾಡಿನ ಕಚೇರಿಯವರು ಕ್ಯಾಂಪಿಗೆ ಅಡುಗೆಯವನನ್ನು ಹುಡುಕುವಾಗ ನನ್ನನ್ನು ಕರೆಸಿದ್ದೂ ಆ ನಾಲಿಗೆಗಳಿಗಾಗಿಯೇ. ಅಡುಗೆ ಬರುತ್ತದೆಯೇ ಎಂದು ಅವರು ಕೇಳಲಿಲ್ಲ. ಕಾಡಿನವರ ಮಾತು ಬರುತ್ತದೆಯೇ ಎಂದು ಕೇಳಿದರು. ಬರುತ್ತದೆ ಎಂದೆ. ಹಾಗಾದರೆ ನಾಳೆಯಿಂದ ಅನ್ನ ಮಾಡು ಎಂದರು. ದಿನಗೂಲಿ ಕೆಲಸ. ಚೆನ್ನಾಗಿ ನಡೆದುಕೊಂಡರೆ ಖಾಯಂ ಮಾಡುತ್ತೇವೆ ಎಂಬ ಮಾತೂ ಇತ್ತು.

ಕಷ್ಟವೇನೆಂದರೆ, ನಮ್ಮ ಮನೆಯ ಹೊಸಿಲನ್ನು ಮೊಟ್ಟೆ ಎಂಬ ಪದಾರ್ಥ ಎಂದೂ ದಾಟಿರಲಿಲ್ಲ. ಕ್ಯಾಂಪಿನಲ್ಲಿ ಮೊದಲ ಮೊಟ್ಟೆಯನ್ನು ನಾನು ಕೈಯಲ್ಲಿ ಹಿಡಿದದ್ದು ಕೆಂಡ ಹಿಡಿದಂತೆಯೇ. ಆಮೇಲೆ ಅಭ್ಯಾಸವಾಯಿತು. ಆದರೆ ನಾಲಿಗೆಗೆ ಮುಟ್ಟಿಸಲಿಲ್ಲ. ಉಪ್ಪು ಸಾಕೋ ಬೇಕೋ ಎಂಬುದನ್ನು ತಿನ್ನುವವರ ಹುಬ್ಬು ನೋಡಿ ತಿಳಿಯುತ್ತಿದ್ದೆ, ಬೆಂದಿದೆಯೋ ಇಲ್ಲವೋ ಎಂಬುದನ್ನು ಬಾಣಲೆಯ ಸದ್ದಿನಿಂದ. ತಿಂಗಳಿಗೊಮ್ಮೆ ಮನೆಗೆ ಹೋದಾಗ ಅವ್ವ ನನ್ನನ್ನು ಹಿತ್ತಲಲ್ಲೇ ನಿಲ್ಲಿಸಿ ತಲೆಯ ಮೇಲೆ ನೀರು ಸುರಿಯುತ್ತಿದ್ದಳು.

“ಸರ್ಕಾರದ ಕೆಲಸ ಕಣವ್ವ, ಮೊಟ್ಟೆ ನಾನು ತಿನ್ನಲ್ಲ” ಎಂದರೆ, “ಸರ್ಕಾರಕ್ಕೂ ಒಂದು ಚೊಂಬು ನೀರು ಹುಯ್ತೀನಿ, ಕರ್ಕೊಂಡು ಬಾ” ಎನ್ನುತ್ತಿದ್ದಳು.

ಅವು ಕೆಟ್ಟ ವರ್ಷಗಳು. ವಯನಾಡಿನ ಕಾಡಿನೊಳಗೆ ಬಂದೂಕು ಹಿಡಿದ ಹುಡುಗರಿದ್ದಾರೆ ಎಂದು ಎಲ್ಲರೂ ಹೇಳುತ್ತಿದ್ದರು, ಕಂಡವರು ಯಾರೂ ಇರಲಿಲ್ಲ. ಒಂದೆರಡು ಕಡೆ ಜಮೀನ್ದಾರರ ಮನೆಗೆ ನುಗ್ಗಿದ್ದರು. ಗೋಡೆಗಳ ಮೇಲೆ ಕೆಂಪು ಬರಹ ಏಳುತ್ತಿತ್ತು, ಮರುದಿನ ಪೊಲೀಸರು ಸುಣ್ಣ ಬಳಿಸುತ್ತಿದ್ದರು. ಊರಿನ ಸುಣ್ಣದ ವ್ಯಾಪಾರಿಗೆ ಕ್ರಾಂತಿಯಿಂದ ಇಷ್ಟು ಅನುಕೂಲವಾದೀತೆಂದು ಕ್ರಾಂತಿಕಾರಿಗಳೂ ಎಣಿಸಿರಲಾರರು. ಸಂಜೆಯಾದರೆ ಮೀನಂಗಡಿ ಎಂಬ ಪೇಟೆಯ ಅಂಗಡಿಯವರು ಗಿರಾಕಿಯ ಮುಖವನ್ನು ಎರಡು ಸಲ ನೋಡಿ ಸಾಮಾನು ಕಟ್ಟುತ್ತಿದ್ದರು. ಕಾಡಿನವರ ಗುಡಿಸಲಿನಲ್ಲಿ ಒಂದು ಹಿಡಿ ಅಕ್ಕಿ ಹೆಚ್ಚಿಗೆ ಕಂಡರೆ ಯಾರಿಗೆ ಬೇಯಿಸಲು ಇಟ್ಟಿದ್ದೀಯ ಎಂದು ಒದೆ ಬೀಳುತ್ತಿತ್ತು.

ಅದೇ ಹೊತ್ತಿಗೆ ಸರ್ಕಾರ ಜನ್ಮಿಗಳ, ಅಂದರೆ ಹಳೆಯ ಭೂಮಾಲೀಕರ, ಖಾಸಗಿ ಕಾಡುಗಳನ್ನು ತನ್ನದು ಮಾಡಿಕೊಂಡಿತ್ತು. ಮಾಡಿಕೊಂಡ ಮೇಲೆ ಕಾಡು ಎಲ್ಲಿಂದ ಶುರುವಾಗುತ್ತದೆ ಎಂದು ಗುರುತು ಹಾಕಬೇಕಲ್ಲ? ಅದಕ್ಕೆ ಸರ್ವೆ ಪಾರ್ಟಿ ಹೊರಟಿತು. ಅಳತೆಯ ಚೈನು ಎಳೆದು, ಗಡಿಗೆ ಬಂದ ಕಡೆ ಎದೆಮಟ್ಟ ಕಲ್ಲು ಪೇರಿಸುವುದು. ಆ ಕಲ್ಲುಗುಪ್ಪೆಗೆ ಜಂಡೆ ಎನ್ನುತ್ತಾರೆ. ಜಂಡೆಯ ಆಚೆ ಇರುವುದು ಕಾಡು, ಈಚೆ ಇರುವುದು ಮನುಷ್ಯರದ್ದು. ಈಚೆ ಬಿದ್ದವನಿಗೆ ನಾಳೆ ಜಮೀನಿನ ಪಟ್ಟೆ ಸಿಕ್ಕೀತು. ಆಚೆ ಬಿದ್ದವನು ಹುಟ್ಟಿದ ಜಾಗದಲ್ಲೇ ಕಳ್ಳನಾಗುತ್ತಿದ್ದ.

ಕಲ್ಲೂರಿನಿಂದ ಒಳಕ್ಕೆ, ಒಂದು ತೋಡಿನ, ಅಂದರೆ ಸಣ್ಣ ಹಳ್ಳದ, ದಡದಲ್ಲಿ ನಾವು ಕ್ಯಾಂಪು ಹಾಕಿದೆವು. ಸರ್ವೆಯರು, ಚೈನು ಹಿಡಿಯುವವರು ಇಬ್ಬರು, ಫಾರೆಸ್ಟರು, ಒಬ್ಬ ಗಾರ್ಡು, ಕಾವಲಿಗೆ ನಾಲ್ವರು ಪೊಲೀಸರು. ಒಟ್ಟು ಒಂಬತ್ತು ಹೊಟ್ಟೆ. ತೋಡಿನಿಂದ ಗುಡ್ಡದವರೆಗೆ ಏರುತ್ತ ಹೋಗುವ ಒಂದು ರಾಗಿ ಹೊಲವಿತ್ತು. ಅದರ ಒಡತಿ ಕಾಡಿನ ಕುಲದ ಒಬ್ಬ ಹೆಂಗಸು, ಗಂಡ ಸತ್ತವಳು. ನನಗಿಂತ ಹತ್ತು ವರ್ಷ ದೊಡ್ಡವಳಿದ್ದಾಳು, ಅಕ್ಕ ಎನ್ನುತ್ತಿದ್ದೆ. ಅವಳ ಮಾವನ ಕಾಲದಲ್ಲಿ ಜನ್ಮಿಯು ಆನೆ ಕಾಯುವ ಕೆಲಸಕ್ಕೆ ಬದಲಾಗಿ ಆ ಹೊಲವನ್ನು ಬಿಟ್ಟುಕೊಟ್ಟು, ತನ್ನ ಕಾಡಿನ ಗಡಿ ಇದು ಎಂದು ಗುಡ್ಡದ ಮೇಲೆ ಅತ್ತಿ ಮರದ ಬುಡದಲ್ಲಿ ಒಂದು ಕಲ್ಲು ನೆಡಿಸಿದ್ದ. ಸರ್ವೆಯರು ಆ ಕಲ್ಲನ್ನು ನೋಡಿ ಅಲ್ಲಿಂದ ಅಳೆದರೆ ಹೊಲ ಅವಳದ್ದು. ನೋಡದಿದ್ದರೆ ಹೊಲ ಕಾಡು. ಇಷ್ಟೇ ವಿಷಯ. ಅವಳಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

ಆ ದಿನ ಬೆಳಿಗ್ಗೆ ನನಗೆ ಬಂದೊದಗಿದ ರಾಜ್ಯಸಂಕಟ ಬೇರೆ. ಮೀನಂಗಡಿಯಿಂದ ಉಮಿಯಲ್ಲಿ ಹೂತು ತಂದ ಮೊಟ್ಟೆಬುಟ್ಟಿಯ ಮೇಲೆ ಜೀಪಿನಲ್ಲಿ ಒಬ್ಬ ಪೊಲೀಸು ಕಾಲಿಟ್ಟು ಕೂತಿದ್ದ. ಬೂಟು ಸರ್ಕಾರದ್ದು, ಕೇಳುವ ಹಾಗಿಲ್ಲ. ಅರ್ಧಕ್ಕರ್ಧ ಒಡೆದು ಉಮಿಯ ಜೊತೆ ಅಂಟು ಅಂಟಾಗಿತ್ತು. ಹೊತ್ತು ಮೂಡುವ ಮೊದಲೇ ಚೈನಿನವನು ಟೆಂಟಿನೊಳಗಿನಿಂದ, “ಎಡೋ, ಮುಟ್ಟ ಆಯ್ತಾ?” ಎಂದು ಕೂಗಲಾರಂಭಿಸಿದ. ಮುಟ್ಟ ಎಂದರೆ ಅವರಲ್ಲಿ ಮೊಟ್ಟೆ.

“ಕೋಳಿ ಬರ್ತಾ ಇದೆ, ಸ್ವಲ್ಪ ತಾಳು” ಎಂದೆ.

ಕೋಳಿಯಲ್ಲ, ಆ ಅಕ್ಕ ಬಂದಳು. ರಾಗಿ ತುಂಬಿದ ಪುಟ್ಟ ಬುಟ್ಟಿಯಲ್ಲಿ ಹನ್ನೆರಡು ನಾಟಿ ಮೊಟ್ಟೆ ಹುದುಗಿಸಿ ತಂದಿದ್ದಳು.

“ಕಾವಿಗಿಕ್ಕಿ ಎರಡು ದಿನ ಆಗಿತ್ತಣ್ಣ. ಕೋಳಿ ಕುಕ್ತು, ಎಬ್ಬಿಸ್ಬುಟ್ಟು ತಂದೆ” ಎಂದು ಕೈಯ ಮೇಲಿನ ಗಾಯ ತೋರಿಸಿ ನಕ್ಕಳು. “ನಮ್ಮ ಹೊಲಕ್ಕೆ ಬಂದೋರು, ಬರಿ ಗೆಣಸು ತಿಂದು ಹೋದ್ರೆ ಚೆಂದಾಗದಾ?”

ಲಂಚವೆಂದು ತಿಳಿಯಬೇಡಿ. ಲಂಚ ಕೊಡಲು ಬರುತ್ತಿದ್ದರೆ ಅವಳ ಹೊಲ ಉಳಿಯುತ್ತಿತ್ತು. ಮನೆಯ ಮುಂದೆ ಬಂದಿಳಿದವರಿಗೆ ಉಣ್ಣಲು ಕೊಡುವುದು ಅವರ ಪದ್ಧತಿ. ಕೊಟ್ಟ ಗಳಿಗೆಯಲ್ಲೇ ಏನನ್ನಾದರೂ ಕೇಳುವುದು ಅವರಲ್ಲಿ ನಾಚಿಕೆಯ ಸಂಗತಿ. ಅದಕ್ಕೇ ಅವಳು ಸರ್ವೆಯರ ಟೆಂಟಿನ ಕಡೆಗೆ ಹೋಗದೆ ನನ್ನ ಹತ್ತಿರ ಕುಕ್ಕುರುಗಾಲಲ್ಲಿ ಕೂತು ದನಿ ತಗ್ಗಿಸಿದಳು.

“ಅವ್ರಿಗೆ ಒಂದು ಮಾತು ನಿಂಗೆ ಬರೋ ಮಲಯಾಳದಾಗೆ ಹೇಳ್ಕೊಡಣ್ಣ. ಕಲ್ಲು ಮೇಗಡೆ ಅದೆ, ಅತ್ತಿ ಮರದ ಬುಡದಾಗೆ. ಒಂದು ಕಿತ ಬಂದು ನೋಡ್ಲಿ, ಸಾಕು.”

“ಹೇಳ್ತೀನಕ್ಕ. ತಿಂದು ಕೈ ತೊಳೀಲಿ.”

“ಹೂಂ, ಉಣ್ಲಿ ಮೊದ್ಲು” ಎಂದು ಅವಳು ದೂರ ಹೋಗಿ ಕೂತಳು.

ಸರ್ವೆಯರೂ ಗುಡ್ಡ ಹತ್ತುವ ಮನಸ್ಸಿನಲ್ಲೇ ಇದ್ದರು. ತಿಂಡಿಯಾದ ಮೇಲೆ ಮೇಲಿನಿಂದ ಶುರು ಮಾಡೋಣ ಎಂದು ಚೈನಿನವರಿಗೆ ಹೇಳಿದ್ದನ್ನು ನಾನು ಕೇಳಿದ್ದೆ. ಆದ್ದರಿಂದ ನನಗೆ ಆತುರವಿರಲಿಲ್ಲ. ಇದ್ದ ಆತುರವೆಲ್ಲ ಒಲೆಯದು.

ಒಂಬತ್ತು ಜನರಿಗೆ ಬಯಲಿನಲ್ಲಿ ಮೊಟ್ಟೆ ಹುರಿಯುವುದನ್ನು ಹಗುರವಾಗಿ ಎಣಿಸಬಾರದು. ಮೂರು ಕಲ್ಲು ಹೂಡಬೇಕು. ತೋಡಿಗೆ ಹತ್ತಿರವಿರಬೇಕು, ಗಾಳಿಗೆ ಮರೆಯಿರಬೇಕು. ಒಂದು ಕಡೆ ಮರಗೆಣಸು ಬೇಯುತ್ತಿರಬೇಕು, ಇನ್ನೊಂದು ಕಡೆ ಹಾಲಿಲ್ಲದ ಚಹಾ ಕುದಿಯುತ್ತಿರಬೇಕು. ದೊಡ್ಡ ಬಾಣಲೆಗೆ ಕೊಬ್ಬರಿ ಎಣ್ಣೆ, ಅದರಲ್ಲಿ ಜಜ್ಜಿದ ಚಿಕ್ಕ ಈರುಳ್ಳಿ, ಸೂಜಿಮೆಣಸು, ಕರಿಬೇವು, ಚಿಟಿಕೆ ಅರಿಸಿನ. ಈರುಳ್ಳಿ ಕೆಂಪಾಗಿ ಅಂಚು ಸುಡುವ ಹೊತ್ತಿಗೆ ಮೊಟ್ಟೆ ಒಡೆದು ಹಾಕಿ, ಗಟ್ಟಿಯಾಗುವ ಮುಂಚೆ ಬೆಂದ ಗೆಣಸನ್ನು ಕಿವುಚಿ ಸೇರಿಸಿ, ಕಾಳುಮೆಣಸು ಕುಟ್ಟಿ ಉದುರಿಸಿ ಮಗುಚಬೇಕು. ಗೆಣಸು ಮೊಟ್ಟೆಯನ್ನೂ ಎಣ್ಣೆಯನ್ನೂ ಹೀರಿಕೊಂಡು ಉಂಡೆ ಉಂಡೆಯಾಗುತ್ತದೆ. ಒಂದು ತಟ್ಟೆ ತಿಂದವನು ಮಧ್ಯಾಹ್ನದವರೆಗೆ ಹಸಿವೆಂದು ಹೇಳುವುದಿಲ್ಲ, ಬೆಟ್ಟ ಹತ್ತುತ್ತೇನೆಂದೂ ಹೇಳುವುದಿಲ್ಲ.

ನಾಟಿ ಮೊಟ್ಟೆಗಳನ್ನು ನೀರಿಗೆ ಬಿಟ್ಟು ನೋಡಿದೆ, ಎಲ್ಲ ಚೆನ್ನಾಗಿದ್ದವು. ಸೌದೆ ಮಾತ್ರ ಇಬ್ಬನಿಗೆ ತೊಯ್ದು ಹೊಗೆಯಾಡುತ್ತಿತ್ತು. ಪಕ್ಕದ ಮೆಳೆಯಲ್ಲಿ ಒಣಗಿ ಬಿದ್ದ ಬಿದಿರಿತ್ತು. ಬಿದಿರನ್ನು ಒಲೆಗೆ ಹಾಕುವ ಮುಂಚೆ ಸೀಳಬೇಕು. ಇಲ್ಲದಿದ್ದರೆ ಗಿಣ್ಣುಗಳ ನಡುವೆ ಸಿಕ್ಕ ಗಾಳಿ ಕಾದು ಗುಂಡಿನಂತೆ ಸಿಡಿಯುತ್ತದೆ. ಕಾಡಿನಲ್ಲಿ ಒಂದು ದಿನ ಅಡುಗೆ ಮಾಡಿದವನಿಗೂ ಇದು ಗೊತ್ತು. ಆರು ತುಂಡು ಸೀಳಿ ಹಾಕಿದೆ. ಏಳನೆಯದನ್ನು ಹಾಕುವಾಗ ಚೈನಿನವನು ಮತ್ತೆ, “ಎಡೋ, ಇವತ್ತು ತಿಂಡಿಯೋ, ನಾಳೆಯೋ?” ಎಂದ. ಅದನ್ನು ಇಡಿಯಾಗಿಯೇ ತುರುಕಿದೆ.

ಮೊಟ್ಟೆ ಬಾಣಲೆಗೆ ಬಿದ್ದು ಸದ್ದು ಏಳುವ ಹೊತ್ತಿಗೆ ಬಿದಿರು ಢಮಾರೆಂದಿತು.

ಪೊಲೀಸರ ಹೆಡ್ಡು ಭೂಮಿತಾಯಿಗೆ ಸಾಷ್ಟಾಂಗವೆರಗಿದರು. ಎರಗಿದ ಜಾಗದಲ್ಲಿ ನಾನು ಸುಲಿದು ಹಾಕಿದ್ದ ಗೆಣಸಿನ ಸಿಪ್ಪೆ ಇತ್ತು. ಇಬ್ಬರು ಪೊಲೀಸರು ಗುಡ್ಡದ ಕಡೆಗೆ ಬಂದೂಕು ಗುರಿಯಿಟ್ಟು ಮೊಣಕಾಲೂರಿದರು. ಮೂರನೆಯವನು ಜೀಪಿನ ಕೆಳಗೆ ಸೇರಿದ, ಅವನ ಬಂದೂಕು ಹೊರಗೇ ಉಳಿಯಿತು. ಸರ್ವೆಯರು ಟೆಂಟಿನ ಬಾಗಿಲಲ್ಲಿ ಒಂದು ಕಾಲಿಗೆ ಚಪ್ಪಲಿ ಹಾಕಿ ನಿಂತುಬಿಟ್ಟರು. ಬಾಣಲೆ ಮಾತ್ರ ಚುರುಗುಟ್ಟುತ್ತಿತ್ತು. ಆಮೇಲೆ ಚೈನಿನವನು ಕಿಸಕ್ಕೆಂದು ನಕ್ಕ.

“ಸಾರೇ, ಏಳಿ. ಅದು ಬಿದಿರು.”

ಆ ನಗು ಬರದೇ ಇದ್ದಿದ್ದರೆ ಮುಂದಿನದೆಲ್ಲ ಬೇರೆಯಾಗುತ್ತಿತ್ತೋ ಏನೋ. ಹೆಡ್ಡು ಎದ್ದರು. ಮೀಸೆಗೆ ಮಣ್ಣು, ಕೆನ್ನೆಗೆ ಒಂದು ಸಿಪ್ಪೆ. ತಮ್ಮ ಕೈಕೆಳಗಿನ ಮೂವರ ಮುಖವನ್ನು ಒಬ್ಬೊಬ್ಬರದಾಗಿ ನೋಡಿದರು. ಯಾರೂ ನಗುತ್ತಿರಲಿಲ್ಲ, ಆದರೆ ನಗದೇ ಇರಲು ಪಡುತ್ತಿದ್ದ ಕಷ್ಟ ಕಾಣುತ್ತಿತ್ತು.

“ಯಾರಡೋ ಹೇಳಿದ್ದು ಬಿದಿರೂಂತ? ಶಬ್ದ ಬಂದದ್ದು ಮೇಲಿಂದ” ಎಂದು ಗುಡ್ಡದ ಕಡೆ ಬೆರಳು ತೋರಿಸಿದರು. ಆಮೇಲೆ ನನ್ನ ಕಡೆ ತಿರುಗಿದರು. “ನೀನು ಹೇಳು. ಇಡೀ ಬಿದಿರು ಹಾಕಿದ್ದೆಯಾ ಒಲೆಗೆ?”

ಬಾಯಿ ಬಿಟ್ಟ ಬಿದಿರು ಬೂದಿಯೊಳಗೆ ಅವರ ಕಣ್ಣೆದುರೇ ಬಿದ್ದಿತ್ತು. ಹಾಕಿದ್ದೆ ಎಂದರೆ ಹೆಡ್ಡು ಬಿದಿರಿಗೆ ಹೆದರಿ ಮಲಗಿದವರಾಗುತ್ತಿದ್ದರು, ನಾನು ಬಿದಿರು ಸೀಳಲೂ ಬಾರದ ಅಡುಗೆಯವನಾಗುತ್ತಿದ್ದೆ. ಮೊದಲನೆಯದು ನನಗೆ ಭಯ, ನಿಜ. ಎರಡನೆಯದು ಅವಮಾನ. ಯಾವುದು ಹೆಚ್ಚು ತೂಗಿತು ಎಂದು ಈಗ ಹೇಳಬಲ್ಲೆ: ಎರಡನೆಯದು.

“ಇಲ್ಲ ಸಾರೇ, ಎಲ್ಲ ಸೀಳಿ ಹಾಕಿದ್ದು.”

“ಕೇಳಿದಿರಾ?” ಎಂದು ಹೆಡ್ಡು ಎದೆ ಉಬ್ಬಿಸಿದರು. “ಸೀಳಿದ ಬಿದಿರು ಸಿಡಿಯುವುದಿಲ್ಲ. ಅದು ಗುಂಡೇ. ಮೇಲೆ ಅವರಿದ್ದಾರೆ. ಇನ್ನು ಗುಡ್ಡಕ್ಕೆ ಯಾರೂ ಕಾಲಿಡುವ ಹಾಗಿಲ್ಲ.”

ಹೀಗೆ, ನಾಡಿನ ಆ ಭಾಗದಲ್ಲಿ ಸಶಸ್ತ್ರ ಕ್ರಾಂತಿಯನ್ನು ನಾನು ಒಬ್ಬನೇ, ಕೈಯಲ್ಲಿ ಸೌಟು ಹಿಡಿದುಕೊಂಡು, ಸ್ಥಾಪಿಸಿದೆ.

ಪ್ರಾಣ ಉಳಿದ ಮನುಷ್ಯರಿಗೆ ಹಸಿವು ಇಮ್ಮಡಿ. ಒಂಬತ್ತು ಜನ ತೇಗದೆಲೆಯ ಮೇಲೆ ಬಡಿಸಿಕೊಂಡು ಜೀಪಿನ ಮರೆಯಲ್ಲಿ ಕೂತರು. ಮೊಟ್ಟೆ ಎಂದೂ ಅಷ್ಟು ಹದವಾಗಿ ಬಂದಿರಲಿಲ್ಲ ಎಂದು ಅವರ ಹುಬ್ಬುಗಳು ಸಾರುತ್ತಿದ್ದವು.

“ಇಂಥದ್ದನ್ನು ನನ್ನ ಹೆಂಡತಿಯೂ ಮಾಡಿಲ್ಲ” ಎಂದರು ಸರ್ವೆಯರು.

“ಇದನ್ನ ಅವರೆದುರು ಹೇಳಿ ಸಾರೇ, ಗುಡ್ಡದ ಮೇಲಿನವರೇ ವಾಸಿ ಅನ್ನಿಸ್ತದೆ” ಎಂದ ಚೈನಿನವನು. ಹೆಡ್ಡು ಕೂಡ ನಕ್ಕರು.

ನಗುತ್ತಲೇ ಸರ್ವೆಯರು ಎಡಗೈಯಲ್ಲಿ ತಮ್ಮ ಫೀಲ್ಡ್ ಬುಕ್ಕನ್ನು ಮಂಡಿಯ ಮೇಲೆ ತೆರೆದರು. ಅವರು ಎಡಚರು, ಬಲಗೈಯಲ್ಲಿ ತಿನ್ನುತ್ತ ಎಡಗೈಯಲ್ಲಿ ಬರೆಯಬಲ್ಲವರು. ಇಂಥ ಪ್ರತಿಭೆ ಸರ್ಕಾರದಲ್ಲಿ ಅಪರೂಪ.

“ಮೇಲೆ ಹೋಗುವ ಹಾಗಿಲ್ಲ. ಹಾಗಾದರೆ ಕಾಡು ಎಲ್ಲಿಂದ ಶುರು ಅಂತ ಬರೆಯಲಿ?”

ಫಾರೆಸ್ಟರ ಬಾಯಿ ತುಂಬಿತ್ತು. ಗದ್ದವನ್ನು ನನ್ನ ಒಲೆಯ ಕಡೆ ತಿರುಗಿಸಿದರು. ನುಂಗಿದ ಮೇಲೆ, “ಆ ಒಲೆ ಇದೆಯಲ್ಲ, ಅಲ್ಲಿಂದಲೇ ಬರ್ಕೊಳ್ಳಿ. ತೋಡಿನ ಪಕ್ಕ. ಗುರುತು ಹಿಡಿಯೋದಕ್ಕೂ ಸುಲಭ” ಎಂದರು.

ನಾನು ಎರಡನೆಯ ಸಲ ಬಡಿಸಲು ಬಾಣಲೆ ಹಿಡಿದು ಅವರ ನಡುವೆ ನಿಂತಿದ್ದೆ. ಹೇಳಬೇಕಾದ ಮಾತು ಬಾಯಲ್ಲೇ ಇತ್ತು. ಆದರೆ ನಮ್ಮಲ್ಲಿ ಎಲೆಯ ಮುಂದೆ ಕೂತವನ ಹತ್ತಿರ ಯಾರೂ ವ್ಯಾಜ್ಯ ತೆಗೆಯುವುದಿಲ್ಲ. ನಮ್ಮ ದೊಡ್ಡಪ್ಪ, ಚಿಕ್ಕಪ್ಪ ಪಾಲಿಗಾಗಿ ಬಡಿಗೆ ಹಿಡಿದು ಹೊಡೆದಾಡಿದ ವರ್ಷವೂ ಊಟದ ಹೊತ್ತಿನಲ್ಲಿ ಒಬ್ಬರನ್ನೊಬ್ಬರು ಮಜ್ಜಿಗೆ ಬೇಕೇ ಎಂದಷ್ಟೇ ಕೇಳುತ್ತಿದ್ದರು. ತಿನ್ನುವವನ ತುತ್ತು ಕೆಡಿಸಿದರೆ ಬಡಿಸಿದವನಿಗೆ ದೋಷ ಎಂದು ಅವ್ವ ಕಲಿಸಿದ್ದಳು. ಮೊಟ್ಟೆಯ ವಿಷಯದಲ್ಲಿ ಅವ್ವನ ಮಾತನ್ನು ಮೀರಿದ್ದವನು ಇದರಲ್ಲಿ ಮಾತ್ರ ಪಾಲಿಸಿದೆ.

ಆ ಅಕ್ಕನಿಗೆ ಮಲಯಾಳ ಪೂರ್ತಿ ಬಾರದು. ಗದ್ದ ತಿರುಗಿದ್ದು ಮಾತ್ರ ಅರ್ಥವಾಯಿತು. ಅರ್ಧ ಎದ್ದು ನನ್ನ ಮುಖ ನೋಡಿದಳು. ನಾನು ಅಂಗೈಯನ್ನು ಕೆಳಗೆ ಮಾಡಿ, ತಾಳು, ಆಮೇಲೆ ಎಂದು ಸನ್ನೆ ಮಾಡಿದೆ. ಅವಳು ಕೂತಳು. ಅವಳ ಕುಲದಲ್ಲೂ ಉಣ್ಣುವವರ ಮುಂದೆ ದೂರು ಹೇಳುವುದಿಲ್ಲ. ಈ ವಿಷಯದಲ್ಲಿ ನಾವಿಬ್ಬರೂ ಬಹಳ ಸಂಸ್ಕಾರವಂತರು. ಸರ್ವೆಯರ ಪೆನ್ನು ಓಡುತ್ತಿತ್ತು.

ಕೈ ತೊಳೆಯಲು ನೀರು ಹುಯ್ಯುತ್ತ ಹೇಳಿದೆ. ಅತ್ತಿ ಮರ, ಜನ್ಮಿ ನೆಡಿಸಿದ ಕಲ್ಲು, ಮಾವನ ಕಾಲದ ಹೊಲ, ಒಂದನ್ನೂ ಬಿಡಲಿಲ್ಲ. ಸರ್ವೆಯರು ಕೆಟ್ಟವರಲ್ಲ. ಅವರ ಮುಖ ಸಣ್ಣಗಾಯಿತು.

“ಎಡೋ, ಇದನ್ನು ಆಗಲೇ ಹೇಳಬಾರದಿತ್ತಾ? ಮಸಿಯಲ್ಲಿ ಬರೆದು ಆಯ್ತಲ್ಲ.”

“ತಾವು ತಿನ್ತಾ ಇದ್ರಿ ಸಾರೇ.”

“ತಿನ್ನುವಾಗ ಬಾಯಿ ಕೆಲಸದಲ್ಲಿರ್ತದೆ. ಕಿವಿ ಏನು ಮಾಡ್ತಿರ್ತದೆ?” ಎಂದು ಹೆಡ್ಡಿನ ಕಡೆ ನೋಡಿದರು. “ಒಂದು ಸಲ ಮೇಲೆ ಹೋಗಿ ನೋಡಿ ಬರೋಣವಾ?”

“ಹೋಗಿ. ಹೆಣ ತರುವುದಕ್ಕೆ ಇನ್ನೊಂದು ಜೀಪು ಬೇಕಾಗ್ತದೆ, ಅದನ್ನೂ ಬರೆದು ಕೊಟ್ಟು ಹೋಗಿ.”

ಸರ್ವೆಯರು ನನ್ನ ಕಡೆ ನೋಡಿದರು. ಒಂದು ನಿಮಿಷಕ್ಕೆ ಕಡಿಮೆಯಿಲ್ಲ, ನೋಡುತ್ತಲೇ ಇದ್ದರು. ಅವರಿಗೆ ಗೊತ್ತಿತ್ತೆಂದೇ ನನ್ನ ಗುಮಾನಿ. ಸಿಡಿದದ್ದು ನನ್ನ ಬಿದಿರೇ ಸಾರೇ, ಸೀಳದೆ ಹಾಕಿದ್ದೆ ಎಂದು ನಾನು ಬಾಯಿಬಿಟ್ಟರೆ ಅವರು ಹತ್ತಲು ಸಿದ್ಧರಿದ್ದರು. ನಾನು ಚೊಂಬು ಎತ್ತಿ ಇನ್ನಷ್ಟು ನೀರು ಹುಯ್ದೆ. ಅವರ ಕೈ ಆಗಲೇ ಶುದ್ಧವಾಗಿತ್ತು.

ಜಂಡೆ ಕಟ್ಟಲು ಕಲ್ಲು ಬೇಕಾಯಿತು. ಒಲೆಯ ಮೂರು ಕಲ್ಲು ಅಲ್ಲೇ ಇದ್ದವು. ಪಾತ್ರೆ ತೊಳೆದ ನೀರನ್ನು ಅವುಗಳ ಮೇಲೆ ಸುರಿದು, ಆವಿ ಏಳುತ್ತಿದ್ದಾಗಲೇ ಚೈನಿನವರು ಕೋಲಿನಿಂದ ಉರುಳಿಸಿ ತಳಪಾಯಕ್ಕೆ ಇಟ್ಟರು. ಉಳಿದವನ್ನು ತೋಡಿನಿಂದ ಹೊತ್ತರು. ಅಕ್ಕನೂ ನಾಲ್ಕು ಕಲ್ಲು ಹೊತ್ತು ತಂದಳು. ನಾಲ್ಕು ಜನ ಮೈಮುರಿದು ದುಡಿಯುವಾಗ ಕೈಕಟ್ಟಿ ಕೂರುವುದು ಅವಳಿಗೆ ತಿಳಿಯದು.

“ನಾಳೆ ಮೇಗಡೆ ಹೋಯ್ತಾರಾ ಅಣ್ಣ?” ಎಂದು ಕೇಳಿದಳು.

“ಹೋಗ್ತಾರಕ್ಕ.”

ಮರುದಿನ ನಾವು ಕ್ಯಾಂಪು ಎತ್ತಿದೆವು. ಹೆಡ್ಡಿನ ವರದಿ ಮೇಲೆ ಹೋಗಿ, ಒಂದು ವಾರ ದೊಡ್ಡ ಪಡೆ ಬಂದು ಆ ಗುಡ್ಡವನ್ನು ಜಾಲಾಡಿತು. ಉಗ್ರರ ಬದಲು ಒಂದು ಕರಡಿ ಸಿಕ್ಕಿತಂತೆ, ಅದೂ ಶರಣಾಗಲಿಲ್ಲ. ಹೆಡ್ಡಿಗೆ ಶಿಫಾರಸು ಪತ್ರ ಬಂತು. ನನಗೂ ಒಳ್ಳೆಯ ಮಾತು ಬಂತು: ಗುಂಡಿನ ಸದ್ದಿಗೂ ಬಾಣಲೆ ಬಿಡದ ಅಡುಗೆಯವನು ಎಂದು.

ರಾಗಿ ಕೊಯ್ಲಾದ ಮೇಲೆ ಅವಳಿಗೆ ನೋಟೀಸು ಬಂತು. ವಿಚಾರಣೆಗೆ ಕಚೇರಿಗೆ ಬಂದಳು. ಅವಳ ಮಾತನ್ನು ಮಲಯಾಳಕ್ಕೆ ತಿರುಗಿಸಲು ಕರೆಸಿದ್ದು ನನ್ನನ್ನೇ. ಅಧಿಕಾರಿ ಹೊಸಬರು. ನಕ್ಷೆ ಬಿಚ್ಚಿಟ್ಟು ಕೇಳಿದರು: ಅಳತೆಯ ದಿನ ಸ್ಥಳದಲ್ಲಿದ್ದೆಯಾ?

“ಇದ್ದೆ” ಎಂದಳು.

ಆಗ ಆಕ್ಷೇಪಣೆ ಹೇಳಿದೆಯಾ?

ಅವಳು ಆಶ್ಚರ್ಯದಿಂದ ಅವರನ್ನು ನೋಡಿದಳು. “ಅವ್ರು ಉಣ್ತಿದ್ರು” ಎಂದಳು.

ಅಕ್ಷರ ಅಕ್ಷರ ತಿರುಗಿಸಿದೆ. ಅಧಿಕಾರಿಗೆ ಅದು ಉತ್ತರವೆಂದೇ ತಿಳಿಯಲಿಲ್ಲ. “ಉಂಡದ್ದನ್ನು ಯಾರು ಕೇಳಿದರು? ಹೇಳಿದಳೋ ಇಲ್ಲವೋ?” ಎಂದು ನನ್ನನ್ನೇ ಕೇಳಿದರು. “ನೀನೂ ಅಲ್ಲಿದ್ದವನೇ ಅಲ್ಲವಾ? ಅಳತೆ ಮಾಡಿದವರಿಗೆ ಇವಳು ಹೇಳಿದಳಾ?”

ನನಗೆ ಹೇಳಿದ್ದಳು. ಅಳತೆ ಮಾಡಿದವರಿಗೆ ಹೇಳಿರಲಿಲ್ಲ.

“ಅಳತೆ ಮಾಡಿದವರಿಗೆ ಹೇಳಲಿಲ್ಲ ಸಾರೇ” ಎಂದೆ. ಒಂದಕ್ಷರ ಸುಳ್ಳಿಲ್ಲ. ಇಷ್ಟು ನಿರ್ಮಲವಾದ ಸತ್ಯವನ್ನು ನಾನು ಬದುಕಿನಲ್ಲಿ ಮತ್ತೆಲ್ಲೂ ಹೇಳಿಲ್ಲ.

ಸ್ಥಳದಲ್ಲಿ ಆಕ್ಷೇಪಣೆ ಇರಲಿಲ್ಲ ಎಂದು ಬರೆದು ಅವಳ ಹೆಬ್ಬೆಟ್ಟು ಒತ್ತಿಸಿಕೊಂಡರು. ನಾನು ಹೇಳಿದ್ದು ಅವಳಿಗೆ ಅರ್ಥವಾಗುವಷ್ಟು ಮಲಯಾಳ ಅಷ್ಟರಲ್ಲಿ ಬಂದಿತ್ತೋ ಏನೋ, ಅವಳು ನನ್ನ ಕಡೆ ತಿರುಗಲಿಲ್ಲ. ಜಗಲಿಯಲ್ಲಿ ಕೂತು ಬೆರಳಿನ ಮಸಿಯನ್ನು ಎಲೆಯಿಂದ ಉಜ್ಜುತ್ತಿದ್ದಾಗ ನಾನೇ ಹತ್ತಿರ ಹೋದೆ.

“ಇನ್ನೆಲ್ಲಿ ಹೋಗ್ತೀಯಕ್ಕ?”

“ಎಲ್ಲಿಗೆ ಹೋಗದು? ತೇಗ ನೆಡೋಕೆ ಆಳು ಬೇಕು ಅಂತ ನಿಮ್ಮ ಆಪೀಸಿನೋರು ಅಂದ್ರು. ಬತ್ತೀನಿ ಅಂದಿವ್ನಿ.”

ಆ ಮಳೆಗಾಲ ಅವಳ ರಾಗಿ ಹೊಲದಲ್ಲಿ ತೇಗದ ಗುಂಡಿ ತೆಗೆಸಿದರು. ನಾನು ಅಷ್ಟರಲ್ಲಿ ಖಾಯಂ ಆಗಿದ್ದೆ. ಹಗ್ಗ ಹಿಡಿದು ಸಾಲು ತೋರಿಸಲು ಫಾರೆಸ್ಟರು ದಿನಾ ಅವಳನ್ನೇ ಮುಂದೆ ನಿಲ್ಲಿಸುತ್ತಿದ್ದರು. ಆ ನೆಲದಲ್ಲಿ ಎಲ್ಲಿ ಬಂಡೆ ಇದೆ, ಎಲ್ಲಿ ನೀರು ನಿಲ್ಲುತ್ತದೆ ಎಂಬುದು ಬೇರಾರಿಗೂ ಗೊತ್ತಿರಲಿಲ್ಲ.